ಪಟ್ಟಿಪ್ರವೀಣ

ಪರೀಕ್ಷೆಯ ಕಾಲದಲ್ಲಿ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿಲಯವನ್ನು ಹೊಕ್ಕವರಿಗೆ ಓದುವವರು, ಓದದವರು, ಏನೂ ಓದಿಲ್ಲವೆಂದು ಎಲ್ಲರೊಡನೆಯೂ ಹೇಳಿಕೊಂಡು ಬಾಗಿಲು ಹಾಕಿ ಓದುವವರು ಎಂಬ ಮೂರು ವರ್ಗಗಳು ಮೊದಲ ನೋಟಕ್ಕೇ ಗೋಚರವಾಗುವುವು. ಆದರೆ ಈ ಮೂರರಲ್ಲಿ ಯಾವುದಕ್ಕೂ ಸೇರದೆ, ಓದಿಗೆ ಬೇಕಾದ ಸಕಲ ಸಿದ್ಧತೆಗಳನ್ನೂ ಸಾಂಗವಾಗಿ ನೆರವೇರಿಸಿ ಓದೊಂದನ್ನು ಮಾತ್ರ ಉಳಿಸಿಕೊಳ್ಳುವ ನಾಲ್ಕನೆಯ ವರ್ಗವೊಂದುಂಟು. ಈ ವರ್ಗದ ಪ್ರತಿನಿಧಿಯನ್ನು ನಿಲಯದವರು ಪಟ್ಟಿಪ್ರವೀಣನೆಂದು ಕರೆಯುವರು. ತಂದೆತಾಯಿಗಳು ಅವನಿಗಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದೇ ಇದೆ. ಆದರೆ ಅಲ್ಲಿ ಆ ಹೆಸರನ್ನು ಕೂಗಿದಾಗ ಓಗೊಡುವವರು ಇರುವುದು ಅಪರೂಪ.

ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿ ಪ್ರಕಟವಾಯಿತೆಂಬ ವಾರ್ತೆ ಬಂದ ದಿನ ನಿಲಯದ ಮುಖಗಳೆಲ್ಲ ಬಾಡಿದರೆ ಪಟ್ಟಿಪ್ರವೀಣನ ಮುಖವೊಂದು ಅರಳುವುದು. ಒಡನೆಯೇ ಪೇಟೆಗೆ ಹೋಗಿ ಡ್ರಾಯಿಂಗ್ ಕಾಗದವನ್ನೂ, ಹನ್ನೆರಡು ಬಣ್ಣದ ಸ್ಕೆಚ್ ಪೆನ್ನುಗಳ ಪೆಟ್ಟಿಗೆಯನ್ನೂ, ಹೊಸದೊಂದು ಅಡಿಕೋಲನ್ನೂ ತರುವನು. ಹಳೆಯ ಅಡಿಕೋಲು ಹೋದ ಸೆಮಿಸ್ಟರಿನಲ್ಲಿ ಫಲ ಕೊಡಲಿಲ್ಲವೆಂಬುದು ಅವನ ದೃಢವಾದ ಅಭಿಪ್ರಾಯ. ಸಮತಲದ ಮೇಲೆ ಬರೆದ ಯಾವ ಭೂಪಟಕ್ಕೇ ಆಗಲಿ, ಗಡಿ ಹಂಚಿಕೊಂಡ ಎರಡು ದೇಶಗಳಿಗೆ ಒಂದೇ ಬಣ್ಣ ಬೀಳದಂತೆ ಬಳಿಯಲು ನಾಲ್ಕು ಬಣ್ಣಗಳು ಸಾಕೆಂದು 1852ರಲ್ಲಿ ಫ್ರಾನ್ಸಿಸ್ ಗುತ್ರಿ ಎಂಬ ಯುವಕನಿಗೆ ಹೊಳೆದ ಊಹೆಯನ್ನು 1976ರಲ್ಲಿ ಅಪೆಲ್ ಮತ್ತು ಹಾಕೆನ್ ಎಂಬ ಗಣಿತಜ್ಞರು ಕಂಪ್ಯೂಟರಿನ ನೆರವಿನಿಂದ ಸಾಧಿಸಿ ತೋರಿಸಿದರಷ್ಟೆ. ಆದರೆ ಆ ಪ್ರಮೇಯವು ಭೂಮಂಡಲಕ್ಕೆ ಅನ್ವಯಿಸೀತೇ ಹೊರತು ಪಟ್ಟಿಪ್ರವೀಣನ ಗೋಡೆಗೆ ಅನ್ವಯಿಸದು. ಬೆಳಗಿನ ಓದಿಗೆ ಹಳದಿ, ಓದಿದುದರ ಮನನಕ್ಕೆ ಹಸಿರು, ಮನನದ ಪುನರವಲೋಕನಕ್ಕೆ ತಿಳಿಹಸಿರು, ಭೋಜನಕ್ಕೆ ಕೆಂಪು, ಭೋಜನಾನಂತರದ ಅಲ್ಪ ವಿಶ್ರಾಂತಿಗೆ ನೇರಳೆ, ಹೀಗೆ ಬಣ್ಣಗಳು ಮುಗಿದರೂ ಕಾರ್ಯಗಳು ಮುಗಿಯವು. ಪಟವು ಪೂರ್ಣಗೊಂಡು ಗೋಡೆಯನ್ನೇರಿದ ಮೇಲೆ ಪಕ್ಕದ ಕೊಠಡಿಯವರೆಲ್ಲ ಬಂದು ನೋಡಿ, ತಮ್ಮ ಮೊಬೈಲಿನಲ್ಲಿ ಅದರ ಚಿತ್ರವನ್ನು ಹಿಡಿದುಕೊಂಡು, ಅರ್ಧ ಓದಿದಷ್ಟು ಸಮಾಧಾನದಿಂದ ಹಿಂದಿರುಗುವರು.

ಆದರೆ ಬಣ್ಣಕ್ಕಿಂತ ಮೊದಲು ಇತ್ಯರ್ಥವಾಗಬೇಕಾದುದು ಕ್ರಮದ ಪ್ರಶ್ನೆ. ಐದನೆಯ ಸೆಮಿಸ್ಟರಿನ ಪತ್ರಿಕೆಗಳು ಆರು, ಮೂರನೆಯ ಸೆಮಿಸ್ಟರಿನಿಂದಲೂ ಪೂರ್ವಜನ್ಮದ ಋಣದಂತೆ ಬೆನ್ನು ಬಿಡದೆ ಬಂದಿರುವ ಡಿಸ್ಕ್ರೀಟ್ ಮ್ಯಾಥ್ಸ್ ಒಂದು, ಅಂತು ಏಳು. ಏಳು ವಿಷಯಗಳನ್ನು ಒಂದಾದ ಮೇಲೊಂದರಂತೆ ಓದುವ ಕ್ರಮಗಳು 5040. ಸಾಮಾನ್ಯ ಮನುಷ್ಯನು ಕೈಗೆ ಸಿಕ್ಕಿದ ಪುಸ್ತಕವನ್ನು ತೆರೆದು ಕುಳಿತುಬಿಡುವನು; ಪಟ್ಟಿಪ್ರವೀಣನೋ 5040ರಲ್ಲಿ ಸರ್ವೋತ್ತಮವಾದುದು ಯಾವುದೆಂಬುದು ನಿಷ್ಕರ್ಷೆಯಾಗುವ ತನಕ ಯಾವ ಪುಸ್ತಕವನ್ನೂ ಮುಟ್ಟನು. ಕಡೆಗೆ ಡಿಸ್ಕ್ರೀಟ್ ಮ್ಯಾಥ್ಸಿಗೇ ಅಗ್ರಪೂಜೆಯೆಂದು ತೀರ್ಮಾನವಾಗಿ, ಅದರ ಐದು ಮಾಡ್ಯೂಲುಗಳಿಗೆ ಐದು ದಿನಗಳು ಗೊತ್ತಾಗುವುವು: ಮೊದಲ ದಿನ ತರ್ಕ, ಎರಡನೆಯ ದಿನ ಎಣಿಕೆಯ ನಿಯಮಗಳು, ಹೀಗೆ. ಐದು ಕೆಲಸಗಳಲ್ಲಿ ಒಂದೂ ತನಗೆ ಗೊತ್ತಾದ ದಿನದಲ್ಲಿ ನಡೆಯದೆ ಎಲ್ಲವೂ ಬೇರೆ ಬೇರೆ ದಿನಗಳಿಗೆ ಸ್ಥಾನಪಲ್ಲಟಗೊಳ್ಳುವ ಬಗೆಗಳು 44 ಎಂದು ಅದೇ ಪಠ್ಯದ ನಾಲ್ಕನೆಯ ಮಾಡ್ಯೂಲಿನಲ್ಲಿ ಡಿರೇಂಜ್‌ಮೆಂಟ್ ಎಂಬ ಶೀರ್ಷಿಕೆಯ ಕೆಳಗೆ ಲೆಕ್ಕವುಂಟು. ಗ್ರಂಥಕರ್ತರಿಗೆ ತಿಳಿಯದ 45ನೆಯ ಬಗೆಯೊಂದನ್ನು ಕಂಡುಹಿಡಿದ ಕೀರ್ತಿ ನಮ್ಮ ಪಟ್ಟಿಪ್ರವೀಣನದು: ಅದರಲ್ಲಿ ಯಾವ ಮಾಡ್ಯೂಲೂ ಯಾವ ದಿನದಲ್ಲಿಯೂ ನಡೆಯುವುದಿಲ್ಲ.

ಇಷ್ಟರಿಂದ ಅವನಿಗೆ ಆ ಶಾಸ್ತ್ರದಲ್ಲಿ ಅಭಿಮಾನವಿಲ್ಲವೆಂದು ಯಾರಾದರೂ ಭಾವಿಸಿದರೆ ಅದು ಅನ್ಯಾಯವಾದೀತು. ಕಿರಿಯನೊಬ್ಬನು ಸಂಯೋಜನೆಯ ಸಣ್ಣ ಲೆಕ್ಕವೊಂದನ್ನು ಹಿಡಿದುಕೊಂಡು ಬಂದನೆಂದರೆ, ಪಟ್ಟಿಪ್ರವೀಣನು ಅವನನ್ನು ಮಂಚದ ಮೇಲೆ ಕೂರಿಸಿ, ಹಲವು ವಸ್ತುಗಳಲ್ಲಿ ಕೆಲವನ್ನು ಆಯುವ ಬಗೆಗಳೆಷ್ಟು ಎಂಬುದಕ್ಕೆ ಸೂತ್ರವನ್ನು ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಒಂಬತ್ತನೆಯ ಶತಮಾನದಲ್ಲಿಯೇ ಹೇಳಿದ್ದನೆಂದೂ, ಹೈಸ್ಕೂಲಿನಲ್ಲಿ ಛಂದಸ್ಸಿಗಾಗಿ ನಾವೆಲ್ಲ ಉರುಹೊಡೆದ ‘ಯಮಾತಾರಾಜಭಾನಸಲಗಂ’ ಎಂಬ ಹತ್ತು ಅಕ್ಷರಗಳಲ್ಲಿ ಒಂದೊಂದೇ ಅಕ್ಷರ ಮುಂದೆ ಸರಿಯುತ್ತ ಮೂರು ಮೂರನ್ನು ಹಿಡಿದರೆ ಎಂಟು ಗಣಗಳೂ ಒಂದೂ ತಪ್ಪದೆ, ಒಂದೂ ಎರಡು ಬಾರಿ ಬಾರದೆ ದೊರೆಯುವುವೆಂದೂ, ಇಂಥ ಸಾಲುಗಳು ಎಷ್ಟಿರಬಲ್ಲವೆಂದು ಹಾಲೆಂಡಿನ ಡಿ ಬ್ರೂಯಿನ್ ಎಂಬಾತನು 1946ರಲ್ಲಿ ಪ್ರಬಂಧವನ್ನು ಬರೆದನೆಂದೂ ಮನಮುಟ್ಟುವಂತೆ ನಿರೂಪಿಸುವನು. ಕೇಳಿದವನು ರೋಮಾಂಚಿತನಾಗಿ ಎದ್ದುಹೋಗುವನು. ಲೆಕ್ಕವು ಬಿಡಿಸಲ್ಪಡದೆ ಮಂಚದ ಮೇಲೆಯೇ ಉಳಿಯುವುದು.

ಓದನ್ನು ಆರಂಭಿಸಲು ನಾಳೆಯೇ ಪ್ರಶಸ್ತವೆಂಬುದನ್ನು ಅವನು ಇಂಡಕ್ಷನ್ ವಿಧಾನದಿಂದಲೇ ಸಿದ್ಧಗೊಳಿಸಬಲ್ಲನು. ರಜೆಯ ಮೊದಲ ದಿನ ಓದದಿದ್ದುದರಿಂದ ಯಾವ ಅನರ್ಥವೂ ಸಂಭವಿಸಲಿಲ್ಲ. ಒಂದು ದಿನ ಓದದೆ ಅನರ್ಥವಾಗಲಿಲ್ಲವೆಂದರೆ ಮತ್ತೊಂದು ದಿನ ಬಿಟ್ಟಮಾತ್ರಕ್ಕೆ ಆಗತಕ್ಕದ್ದೇನೂ ಇಲ್ಲ. ಆದಕಾರಣ ಎಲ್ಲ ದಿನಗಳಿಗೂ ಈ ಮಾತು ಸಲ್ಲುವುದು. ಸ್ವಾಭಾವಿಕ ಸಂಖ್ಯೆಗಳಿಗೆ ಕೊನೆಯಿಲ್ಲ, ಸ್ಟಡಿ ಹಾಲಿಡೇಸಿಗೆ ಕೊನೆಯುಂಟು ಎಂಬುದೊಂದನ್ನು ಬಿಟ್ಟರೆ ಈ ಸಾಧನೆಯಲ್ಲಿ ದೋಷವಿಲ್ಲ. ಆ ಕೊನೆ ಸಮೀಪಿಸಿದಂತೆಲ್ಲ ಪರೀಕ್ಷೆ ಮುಂದಕ್ಕೆ ಹೋಯಿತಂತೆ ಎಂಬ ಸುದ್ದಿಯೊಂದು, ಯಾರ ಬಾಯಿಂದ ಹೊರಟಿತೆಂದು ತಿಳಿಯದಂತೆ, ಮಹಡಿಯಿಂದ ಮಹಡಿಗೆ ಏರಿಳಿಯತೊಡಗುವುದು. ಒಮ್ಮೊಮ್ಮೆ ಅದು ನಿಜವೂ ಆಗಿ ಪರಿಷ್ಕೃತ ವೇಳಾಪಟ್ಟಿ ಹೊರಡುವುದುಂಟು. ಆಗ ನಿಲಯವೆಲ್ಲ ಕುಣಿದಾಡುತ್ತಿದ್ದರೆ ಪಟ್ಟಿಪ್ರವೀಣನು ಮಾತ್ರ ಚಿಂತಾಕ್ರಾಂತನಾಗಿ ಗೋಡೆಯನ್ನು ದಿಟ್ಟಿಸುತ್ತ ಕುಳಿತಿರುವನು. ಏಕೆಂದರೆ ಅವನು ಸಂಪೂರ್ಣವಾಗಿ ಮುಗಿಸಿದ್ದ ಏಕಮಾತ್ರ ಕೆಲಸವು ಆ ಪ್ರಕಟಣೆಯಿಂದ ವ್ಯರ್ಥವಾಯಿತು.

ಪರೀಕ್ಷೆಯ ಹಿಂದಿನ ರಾತ್ರಿ ನೈಟ್ ಔಟ್. ಫ್ಲಾಸ್ಕಿನಲ್ಲಿ ಚಹಾ, ಎದುರಿಗೆ ಇಂಪಾರ್ಟೆಂಟ್ ಕ್ವೆಶ್ಚನ್ಸಿನ ಜೆರಾಕ್ಸ್ ಪ್ರತಿ. ಐದು ಮಾಡ್ಯೂಲುಗಳಲ್ಲಿ ಎರಡೆರಡು ಪ್ರಶ್ನೆಗಳಿದ್ದು ಒಂದೊಂದನ್ನು ಆರಿಸಿಕೊಳ್ಳಬೇಕಾದುದರಿಂದ ಉತ್ತರಿಸುವ ಬಗೆಗಳು ಒಟ್ಟು 32 ಎಂದು ಎಣಿಸಿ, ಅವುಗಳಲ್ಲಿ ತನಗೆ ಅನುಕೂಲವಾದುವು ಎಷ್ಟೆಂದು ಪರಿಶೀಲಿಸುವುದರೊಳಗೆ ಕೋಳಿ ಕೂಗುವುದು. ಪರೀಕ್ಷಾ ಮಂದಿರದಲ್ಲಿ ಪ್ರಶ್ನಪತ್ರಿಕೆ ಕೈಗೆ ಬಂದ ಕೂಡಲೆ ನೆರೆಯವರು ಬರೆಯತೊಡಗಿದರೆ, ಇವನು 180 ನಿಮಿಷಗಳನ್ನು 100 ಅಂಕಗಳಿಗೆ ಹಂಚಿ, ಅಂಕವೊಂದಕ್ಕೆ ಒಂದು ನಿಮಿಷ 48 ಸೆಕೆಂಡುಗಳೆಂದು ನಿಗದಿಮಾಡಿ, ಈ ಹಂಚಿಕೆಗೆ ಕಳೆದ ನಿಮಿಷಗಳನ್ನು ಲೆಕ್ಕದಿಂದ ಕಳೆದು ಮತ್ತೆ ಹಂಚುವನು. ಮೂರು ಗಂಟೆಗಳ ಅನಂತರ ಹೊರಬಂದಾಗ ಅವನ ಉತ್ತರಪತ್ರಿಕೆಯ ಅಂಚುಗೆರೆಗಳಷ್ಟು ನೇರವಾದುವು ಆ ಕೇಂದ್ರದಲ್ಲಿ ಮತ್ತಾರ ಪತ್ರಿಕೆಯಲ್ಲಿಯೂ ಇರುವುದಿಲ್ಲ.

ಇಂಥವನಿಂದ ಲೋಕಕ್ಕೆ ಏನು ಪ್ರಯೋಜನವೆಂದು ಕೇಳುವವರು ವೇಳಾಪಟ್ಟಿಯ ಮರ್ಮವನ್ನು ಅರಿಯದವರು. ಪತ್ರಿಕೆಗಳನ್ನು ಬಿಂದುಗಳೆಂದು ಭಾವಿಸಿ, ಯಾವ ಎರಡನ್ನು ಒಬ್ಬನೇ ಒಬ್ಬ ವಿದ್ಯಾರ್ಥಿಯಾದರೂ ಬರೆಯಬೇಕಾಗಿದೆಯೋ ಅವುಗಳ ನಡುವೆ ಗೆರೆಯನ್ನೆಳೆದು, ಗೆರೆ ಕೂಡಿದವುಗಳಿಗೆ ಬೇರೆ ಬೇರೆ ಬಣ್ಣಗಳನ್ನು ಬಳಿಯುತ್ತ ಹೋದರೆ, ಬೇಕಾಗುವ ಬಣ್ಣಗಳೆಷ್ಟೋ ಪರೀಕ್ಷೆಯ ವೇಳೆಗಳೂ ಅಷ್ಟು. ಗ್ರಾಫ್‌ಗಳ ಈ ಬಣ್ಣದ ಸಮಸ್ಯೆಯನ್ನು 1972ರಲ್ಲಿ ರಿಚರ್ಡ್ ಕಾರ್ಪ್ ಅತಿ ಕಠಿಣವಾದ 21 ಸಮಸ್ಯೆಗಳ ಪಂಕ್ತಿಯಲ್ಲಿ ಕೂರಿಸಿದನು. ಎಲ್ಲರೂ ಎಲ್ಲವನ್ನೂ ಮೊದಲ ಸಲಕ್ಕೇ ಪಾಸು ಮಾಡುವ ಆದರ್ಶ ಲೋಕದಲ್ಲಿ ಮೂರನೆಯ ಸೆಮಿಸ್ಟರಿನ ಆರು ಪತ್ರಿಕೆಗಳಿಗೂ ಐದನೆಯದರ ಆರಕ್ಕೂ ನಡುವೆ ಗೆರೆಯೇ ಇರದೆ, ಎರಡೂ ಜೊತೆಜೊತೆಯಾಗಿ ಆರೇ ವೇಳೆಗಳಲ್ಲಿ ಮುಗಿದುಹೋಗುವುವು. ಪಟ್ಟಿಪ್ರವೀಣನೊಬ್ಬನು ಡಿಸ್ಕ್ರೀಟ್ ಮ್ಯಾಥ್ಸನ್ನು ಹೊತ್ತುಕೊಂಡು ಐದಕ್ಕೆ ಬಂದನೆಂದರೆ ಆ ಒಂದು ಬಿಂದುವಿನಿಂದ ಆರು ಬಿಂದುಗಳಿಗೂ ಗೆರೆಗಳು ಹೊರಟು, ಏಳೂ ಪರಸ್ಪರ ಹೆಣೆದುಕೊಂಡು, ಏಳನೆಯ ಬಣ್ಣವಿಲ್ಲದೆ ಗತ್ಯಂತರವಿಲ್ಲದಂತಾಗುವುದು. ಆ ಬಣ್ಣದ ಫಲವಾಗಿ ಉಳಿದವರಿಗೆಲ್ಲ ನಡುವೆ ಒಂದು ದಿನದ ಬಿಡುವು. ಎಲ್ಲವನ್ನೂ ಪ್ರಥಮ ದರ್ಜೆಯಲ್ಲಿ ಮುಗಿಸಿಕೊಂಡು ಹೋದ ಬುದ್ಧಿವಂತರಿಂದ ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ಒಂದು ಗಂಟೆಯೂ ಹೆಚ್ಚಲಿಲ್ಲ, ಒಂದು ಗಂಟೆಯೂ ತಗ್ಗಲಿಲ್ಲ.

ಕಿರಿಯರು ಈ ಉಪಕಾರವನ್ನು ಮರೆತವರಲ್ಲ. ಮೊನ್ನೆಯ ಫಲಿತಾಂಶದಲ್ಲಿ ಅವನಿಗೆ ಇನ್ನೆರಡು ಪತ್ರಿಕೆಗಳು ಬ್ಯಾಕ್ ಉಳಿದುವೆಂದು ತಿಳಿದೊಡನೆ ಅವರು ಅವನನ್ನು ಕ್ಯಾಂಟೀನಿಗೆ ಕರೆದೊಯ್ದು, ಏಳನೆಯ ಸೆಮಿಸ್ಟರಿನ ಆರರೊಡನೆ ಬಾಕಿಯ ಮೂರು ಕೂಡಿ ಮುಂದಿನ ಸಲ ಒಂಬತ್ತು ಬಣ್ಣಗಳು ಖಂಡಿತವೆಂದು ಲೆಕ್ಕ ಹಾಕಿ, ಹರ್ಷದಿಂದ ಕಾಫಿ ಕೊಡಿಸಿದರು. ಲೆಕ್ಕವನ್ನು ಆಮೂಲಾಗ್ರವಾಗಿ ಪರೀಕ್ಷಿಸಿ, ಎಲ್ಲಿಯೂ ತಪ್ಪಿಲ್ಲವೆಂದು ಪ್ರಮಾಣೀಕರಿಸಿದವನು ಪಟ್ಟಿಪ್ರವೀಣನೇ.