ಮ್ಯಾನೇಜರ್ರ ಕಾರು

ನಮ್ಮ ಕೋಟದಲ್ಲಿ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ರು ಕೇರಿಗೊಬ್ಬರು. ಟ್ರಾನ್ಸ್‌ಫರಿನಲ್ಲೇ ಅರ್ಧ ಆಯುಷ್ಯ ಸವೆಸಿ, ಊರಿಗೆ ಬಂದು ಅಪ್ಪನ ಹೆಂಚಿನ ಮನೆಗೆ ತಾರಸಿ ಹಾಕಿಸಿ, ಅಂಗಳಕ್ಕೆ ತಗಡಿನ ಮಾಡು ಇಳಿಸಿ, ಅದರಡಿ ಒಂದು ಬಿಳಿ ಕಾರು ನಿಲ್ಲಿಸಿದವರು. ನಮ್ಮ ಕೇರಿಯ ಮ್ಯಾನೇಜರ್ರು ದಿನಾ ಬೆಳಿಗ್ಗೆ ಹಳೇ ಬೈರಾಸಿನಲ್ಲಿ ತಮ್ಮ ಕಾರನ್ನು ಒರೆಸುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ಕು. ಯಾವ ತಾರೀಕು, ಎಷ್ಟು ಪೆಟ್ರೋಲು, ಎಷ್ಟು ಕಿಲೋಮೀಟರು, ಎಲ್ಲ ಪೈಸೆ ಸಮೇತ. ಅದರಲ್ಲಿ ಮೊದಲು ಇಲ್ಲದಿದ್ದ ಬಾಬ್ತು ಒಂದೇ: ವೀಲ್ ಅಲೈನ್‌ಮೆಂಟ್.

“ಎಂತಕ್ ಮಾರಾಯ್ರೆ? ಅದೆಲ್ಲ ಗ್ಯಾರೇಜಿನವ್ರ ಹೊಟ್ಟೆಪಾಡ್. ಸ್ಟೇರಿಂಗ್ ಒಂಚೂರ್ ಬಲಕ್ಕೆ ಹಿಡ್ಕಂಡ್ರ್ ಸೈ, ಕಾರ್ ಸೀದಾ ಹೋತ್ತ್.”

ಶಿವರಾಮ ಕಾರಂತರು ಹುಟ್ಟಿದ ಊರು. ಹಟ ಇಲ್ಲಿಯ ನೀರಿನಲ್ಲೇ ಇದೆ.

ಆ ಕಾರು ಒಂದು ಮಳೆಗಾಲದಲ್ಲಿ ಹೊಂಡಕ್ಕೆ ದಢಕ್ಕನೆ ಇಳಿದು ಎದ್ದಿತ್ತು. ಅಂದಿನಿಂದ ಬಲಚಕ್ರಕ್ಕೆ ಕುಂದಾಪುರಕ್ಕೆ ಹೋಗುವ ಮನಸ್ಸು, ಎಡಚಕ್ರಕ್ಕೆ ಪಡುಕರೆಯ ಕಡಲು ಕಾಣುವ ಆಸೆ. ಮ್ಯಾನೇಜರ್ರು ಮಾತ್ರ ಸ್ಟೇರಿಂಗನ್ನು ಬಲಕ್ಕೆ ತಿರುಚಿ, ತಾವೂ ಅದರ ಜೊತೆ ಬಲಕ್ಕೆ ವಾಲಿ ಕೂತು, ಎರಡು ಚಕ್ರಗಳ ನಡುವೆ ರಾಜಿ ಮಾಡಿಸುತ್ತಿದ್ದರು.

ಒಂದು ದಿನ ನನ್ನನ್ನೂ ಹತ್ತಿಸಿಕೊಂಡರು. ಮಣೂರು, ತೆಕ್ಕಟ್ಟೆ ದಾಟಿದೆವು. ಕುಂಭಾಶಿಯಲ್ಲಿ ಆನೆಗುಡ್ಡೆ ಗಣಪತಿ ದೇವಸ್ಥಾನದ ದ್ವಾರ ಕಂಡದ್ದೇ ತಡ, ಮ್ಯಾನೇಜರ್ರು ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿ ಮುಗಿದರು. ನಮ್ಮ ಕಡೆ ಗಾಡಿ ಓಡಿಸುವವರಲ್ಲಿ ಇದು ವಿಶೇಷವೇನಲ್ಲ. ಆದರೆ ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ಎಡಕ್ಕೆ ನುಗ್ಗಿತು. ರಸ್ತೆ ಬದಿಯಲ್ಲಿ ಬೊಂಡ ಕೆತ್ತುತ್ತಿದ್ದವನು ಕತ್ತಿ ಹಿಡಿದೇ ಹಿಂದಕ್ಕೆ ಹಾರಿದ. ಮ್ಯಾನೇಜರ್ರು ಸ್ಟೇರಿಂಗ್ ಎಳೆದು, ಬೆವರು ಒರೆಸಿಕೊಂಡು, “ಕಂಡ್ರಿಯಾ, ಗಣಪತಿಯೇ ಕಾಪಾಡ್ದ” ಎಂದರು. ಅವನು ಎಷ್ಟು ಸಲ ಕಾಪಾಡಬೇಕು?

ಕುಂದಾಪುರದಲ್ಲಿ ಒತ್ತಾಯ ಮಾಡಿ ಅಲೈನ್‌ಮೆಂಟ್ ಅಂಗಡಿಗೆ ನುಗ್ಗಿಸಿದೆ. ಹುಡುಗ ಮೊದಲು ಗಾಳಿ ನೋಡಿದ. ಎರಡು ಬದಿಯ ಗಾಳಿ ಸಮ ಇಲ್ಲದಿದ್ದರೂ ಕಾರು ಎಳೆಯುತ್ತದೆ. ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, “ಹ್ವಾಯ್ ಸರ್, ಟಯರಿನ ಒಳಬದಿ ಕಾಣಿ” ಎಂದ. ಹೊರಗಿನಿಂದ ಹೊಸತರಂತೆ ಮಿರುಗುತ್ತಿದ್ದ ಟಯರು ಒಳಅಂಚಿನಲ್ಲಿ ಬೋಳಾಗಿ, ತಂತಿ ಇಣುಕುತ್ತಿತ್ತು. ಬೈರಾಸು ಅಲ್ಲಿಯವರೆಗೆ ಹೋಗಿರಲಿಲ್ಲ. ಉಳಿದ ಕಡೆ ಅಂಗೈ ಆಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ, ಮೀನನ್ನು ಬಾಲದಿಂದ ತಲೆಯ ಕಡೆ ಸವರಿದ ಹಾಗೆ. (ಮ್ಯಾನೇಜರ್ರು ಶುದ್ಧ ಸಸ್ಯಾಹಾರಿ, ಹೋಲಿಕೆ ನನ್ನದು.)

ರಿಮ್ಮಿಗೆ ಕ್ಲ್ಯಾಂಪು ಕೂತಿತು. ಪರದೆಯ ಮೇಲೆ ಕ್ಯಾಂಬರ್, ಕ್ಯಾಸ್ಟರ್, ಟೋ ಎಂದು ಅಂಕಿಗಳು ಮೂಡಿದವು. ಅಂಕಿ ಕಂಡ ಕೂಡಲೇ ಮ್ಯಾನೇಜರ್ರಿಗೆ ಜೀವ ಬಂತು. ಟೋ ಎಂದರೆ ಚಕ್ರ ಪಾದವನ್ನು ಒಳಗೆ ಹಾಕಿ ನಡೆಯುತ್ತದೋ ಹೊರಗೆ ಹಾಕಿ ನಡೆಯುತ್ತದೋ ಎಂಬುದು, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಸರಿಮಾಡಲು ಬರುವುದು ಮುಂಚಕ್ರದ ಇದೊಂದೇ, ಎಂದು ಹುಡುಗ ಹೇಳಿದ. ಚಕ್ರ 1 ಡಿಗ್ರಿ ವಾರೆಯಾಗಿ ಓಡಿದರೆ ಕಿಲೋಮೀಟರಿಗೆ 17 ಮೀಟರು ಅಡ್ಡಕ್ಕೆ ಉಜ್ಜಿದ ಲೆಕ್ಕ ಎಂದು ನಾನು ಸೇರಿಸಿದೆ. ಮ್ಯಾನೇಜರ್ರು ಪೆನ್ನು ತೆಗೆದರು. ಕೋಟದಿಂದ ಕುಂದಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಕಿಲೋಮೀಟರು ಟಯರನ್ನು ಅಡ್ಡಡ್ಡ ಎಳೆದಂತೆ! ಅವರ ಮುಖ ಸಣ್ಣದಾಯಿತು.

1928ರಲ್ಲಿ ಸಿಂಡಿಕೇಟ್ ಬ್ಯಾಂಕು ಉಡುಪಿಯಲ್ಲಿ ಪಿಗ್ಮಿ ಶುರು ಮಾಡಿದಾಗ ಜನ ದಿನಕ್ಕೆ ಎರಡಾಣೆ ಕಟ್ಟುತ್ತಿದ್ದರಂತೆ. ನಮ್ಮ ಮ್ಯಾನೇಜರ್ರು ವರ್ಷವಿಡೀ ಹೆದ್ದಾರಿ 66ಕ್ಕೆ ದಿನಾ ರಬ್ಬರಿನ ಪಿಗ್ಮಿ ಕಟ್ಟಿದ್ದರು. ಬಡ್ಡಿಯಿಲ್ಲ, ಅಸಲೂ ಇಲ್ಲ.

ಹುಡುಗ ಸ್ಟೇರಿಂಗನ್ನು ನೇರಕ್ಕೆ ಬಂಧಿಸಿ, ಕಾರಿನಡಿ ತೂರಿ, ಟೈ ರಾಡಿನ ನಟ್ಟು ಸಡಿಲಿಸಿ ತಿರುಗಿಸಿದ. ಪರದೆಯ ಕೆಂಪು ಅಂಕಿ ಹಸಿರಾಯಿತು. “ಟ್ಯಾಲಿ ಆಯ್ತ್!” ಎಂದು ಮ್ಯಾನೇಜರ್ರು ಅಂಗಡಿ ಹಾರುವಂತೆ ಕೂಗಿದರು. ಅಲೈನ್‌ಮೆಂಟಿಗೆ 400 ರೂಪಾಯಿ, ಎರಡು ಹೊಸ ಟಯರಿಗೆ 9,000. ನೋಟ್‌ಬುಕ್ಕಿನಲ್ಲಿ ಮೊದಲನೆಯದನ್ನು ಮಾತ್ರ ಬರೆದರು. ಎರಡನೆಯದನ್ನು ಮನೆಯವರು ಓದುವ ಸಂಭವವಿತ್ತು.

ಈಗ 5,000 ಕಿಲೋಮೀಟರಿಗೊಮ್ಮೆ ತಪ್ಪದೆ ತೋರಿಸುತ್ತಾರೆ, ಸಾಲಿಗ್ರಾಮದ ಪೇಟೆಯಲ್ಲಿ ಕಂಡಕಂಡವರಿಗೆ ಟೋ ಬಗ್ಗೆ ಭಾಷಣವನ್ನೂ ಮಾಡುತ್ತಾರೆ. ಕೈ ಮಾತ್ರ ಹಳೇ ಚಾಳಿ ಬಿಟ್ಟಿಲ್ಲ. ಸ್ಟೇರಿಂಗನ್ನು ಈಗಲೂ ಒಂಚೂರು ಬಲಕ್ಕೇ ಹಿಡಿಯುತ್ತಾರೆ. ಕಾರು ನೆಟ್ಟಗೆ ಹೋಗುವುದು ಆನೆಗುಡ್ಡೆಯ ದ್ವಾರದಲ್ಲಿ ಅವರು ಕೈ ಬಿಟ್ಟು ನಮಸ್ಕರಿಸುವಾಗ ಮಾತ್ರ. ಉಳಿದ ಕಡೆ ಎದುರಾದರೆ ನೀವೇ ಸ್ವಲ್ಪ ಜಾಗ ಕೊಟ್ಟು ಹೋಗಿ.