ಬೆಂಗಳೂರ ಕಾಳಗ ನಡೆದದ್ದು ನಮ್ಮ ಕ್ರಾಸಿನಲ್ಲೇ

ಪಾಣಿಪತ್ತಿನಲ್ಲಿ ಎಷ್ಟು ಯುದ್ಧವಾಯಿತು ಎಂದು ಜಯನಗರದ ಯಾವ ಹೈಸ್ಕೂಲು ಹುಡುಗನನ್ನಾದರೂ ಕೇಳಿ. ಮೂರು ಎನ್ನುತ್ತಾನೆ, 1526, 1556, 1761 ಎಂದು ಇಸವಿಗಳನ್ನೂ ಒಪ್ಪಿಸುತ್ತಾನೆ. ತಾಳಿಕೋಟೆ ಎಂದರೆ 1565 ಎಂದು ನಾಲಿಗೆ ತುದಿಯಿಂದಲೇ ಬರುತ್ತದೆ. ಬೆಂಗಳೂರ ಕಾಳಗ ಯಾವಾಗಪ್ಪ ಎಂದು ಕೇಳಿದರೆ ಮಾತ್ರ ಅವನು ಅಪ್ಪನ ಮುಖ ನೋಡುತ್ತಾನೆ. ಅಪ್ಪ ಫೋನು ನೋಡುತ್ತಾನೆ. ದಕ್ಷಿಣ ಬೆಂಗಳೂರಿನ ಇತಿಹಾಸಪ್ರಜ್ಞೆಯನ್ನು ಕುರಿತು ನಾನು ಬರೆಯುತ್ತಿರುವ ಬೃಹತ್ ಗ್ರಂಥದ ಮೊದಲ ಅಧ್ಯಾಯ ಇಲ್ಲಿಗೆ ಮುಗಿಯುತ್ತದೆ.

ಎರಡನೆಯ ಅಧ್ಯಾಯಕ್ಕೆ ಸಾಮಗ್ರಿ ಬೇಕೆಂದು ಜೆಪಿ ನಗರದ ಪಾರ್ಕೊಂದರಲ್ಲಿ ಬೆಳಗಿನ ವಾಕಿಂಗಿನವರನ್ನು ತಡೆದು ವಿಚಾರಿಸಿದೆ. ಒಬ್ಬರು, 'ಥಿಯೇಟರ್‌ನಲ್ಲಿದ್ಯಾ, ಒಟಿಟಿಗೆ ಬಂತಾ?' ಎಂದರು. ಇನ್ನೊಬ್ಬರು ಆರ್‌ಸಿಬಿಯ ಬೌಲಿಂಗ್ ಬಗ್ಗೆ ಸುದೀರ್ಘವಾಗಿ ಮಾತನಾಡಿದರು. ಅಪಾರ್ಟ್‌ಮೆಂಟಿನಲ್ಲಿ ವಾಸವಿರುವ ಹಿರಿಯರೊಬ್ಬರು ಮಾತ್ರ ಗಂಭೀರವಾಗಿ, 'ಯಾವ ತಿಂಗಳ ಮೇಂಟೆನೆನ್ಸ್ ಮೀಟಿಂಗು?' ಎಂದು ಕೇಳಿದರು. ವಿಷಯಕ್ಕೆ ಅತ್ಯಂತ ಹತ್ತಿರ ಬಂದವರು ಅವರೇ.

ಆದ್ದರಿಂದ ಗೊತ್ತಿಲ್ಲದವರಿಗಾಗಿ, ಅಂದರೆ ಎಲ್ಲರಿಗಾಗಿ, ವಿಷಯವನ್ನು ಬುಡದಿಂದ ಹೇಳುತ್ತೇನೆ. ಹೊಸೂರು ರಸ್ತೆಯ ಬೊಮ್ಮನಹಳ್ಳಿಯಿಂದ ಒಳಕ್ಕೆ ತಿರುಗಿದರೆ ಬೇಗೂರು. ಅಲ್ಲಿ ಗಂಗರ ಕಾಲದ ನಾಗೇಶ್ವರ ದೇವಸ್ಥಾನವಿದೆ. ಅದರ ಆವರಣದಲ್ಲಿ ಒಂದು ಕಲ್ಲು ಇದೆ, ಸುಮಾರು ಕ್ರಿ.ಶ. 890ರದ್ದು. ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಎಂಬಾತ 'ಬೆಂಗುಳೂರ ಕಾಳಗ'ದಲ್ಲಿ ಸತ್ತ ಎಂದು ಹಳಗನ್ನಡದಲ್ಲಿ ಕೆತ್ತಿದ್ದಾರೆ. ಅಷ್ಟೇ. ಯಾರ ಮೇಲೆ ಕಾಳಗ, ಯಾಕೆ, ಯಾರು ಗೆದ್ದರು, ಕಲ್ಲು ಹೇಳುವುದಿಲ್ಲ. ಈ ಊರಿನ ಹೆಸರು ಬರಹದಲ್ಲಿ ಮೊಟ್ಟಮೊದಲು ಸಿಗುವುದು ಅಲ್ಲೇ, ಒಂದು ಸಾವಿನ ಸುದ್ದಿಯಲ್ಲಿ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿಸುವುದಕ್ಕೆ ಆರು ಶತಮಾನಕ್ಕೂ ಮೊದಲೇ ಬೆಂಗಳೂರಿನಲ್ಲಿ ಜನ ಬಡಿದಾಡಿಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಇನ್ನೊಂದಿಲ್ಲ. ಪ್ರಾಕ್ತನ ವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರು ಇದನ್ನು ಓದಿ ಲೋಕಕ್ಕೆ ತಿಳಿಸಿ ನೂರು ವರ್ಷ ದಾಟಿತು. ಲೋಕಕ್ಕೆ ತಿಳಿಯಿತು, ಬಿಟಿಎಂ ಲೇಔಟಿಗೆ ತಿಳಿಯಲಿಲ್ಲ.

ತಿಳಿಯದಿರಲು ಕಾರಣ ಅಜ್ಜಿ. ಹಸಿದು ಬಂದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಅದರಿಂದ ಊರು ಬೆಂದಕಾಳೂರಾಯಿತು ಎಂಬ ಕಥೆ ಗೊತ್ತಿಲ್ಲದವರು ಈ ನಗರದಲ್ಲಿಲ್ಲ. ನಿನ್ನೆ ಮಜೆಸ್ಟಿಕ್ಕಿನಲ್ಲಿ ಇಳಿದವನೂ ಇವತ್ತು ಅದನ್ನು ಇನ್ನೊಬ್ಬನಿಗೆ ಹೇಳುತ್ತಿರುತ್ತಾನೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ಕಲ್ಲು ಅದಕ್ಕೆ 280 ವರ್ಷ ಹಿರಿಯದು. ಅಂದರೆ ಅಜ್ಜಿ ಒಲೆ ಹಚ್ಚುವ ಹೊತ್ತಿಗೆ ಊರಿಗೆ ಹೆಸರಿತ್ತು, ಆ ಹೆಸರಿನಲ್ಲಿ ಒಂದು ಕಾಳಗವೂ ಆಗಿಹೋಗಿತ್ತು. ಆದರೂ ಅಜ್ಜಿಯೇ ಗೆದ್ದಳು. ನನ್ನ ವಿಶ್ಲೇಷಣೆ ಸರಳ: ಕಾಳನ್ನು ತಿನ್ನಬಹುದು, ಕಾಳಗವನ್ನು ತಿನ್ನಲಾಗುವುದಿಲ್ಲ. ಚಳಿಗಾಲ ಬಂತೆಂದರೆ ಅವರೆಬೇಳೆ ಮೇಳದಲ್ಲಿ ಅವರೆ ದೋಸೆ, ಅವರೆ ಜಿಲೇಬಿ, ಅವರೆ ಐಸ್‌ಕ್ರೀಮು ಎಲ್ಲ ಸಿಗುತ್ತದೆ. ಬುಟ್ಟಣಸೆಟ್ಟಿಯ ಹೆಸರಿನಲ್ಲಿ ಒಂದು ಚಟ್ನಿಪುಡಿಯೂ ಇಲ್ಲ.

ಸತ್ತವರನ್ನೆಲ್ಲ ನಾವು ಹೀಗೇ ಮರೆಯುತ್ತೇವೆ ಎಂದುಕೊಳ್ಳಬೇಡಿ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡಿ. ಬೇಗೂರಿನ ಇನ್ನೊಂದು ಕಲ್ಲು ಅಲ್ಲಿದೆ. ವೀರಮಹೇಂದ್ರನ ಸೈನ್ಯದ ಮೇಲೆ ತುಂಬೆಪಾಡಿಯಲ್ಲಿ ಕಾದಾಡಿ ಸತ್ತ ನಾಗತ್ತರನದು. ಆನೆ, ಕುದುರೆ, ಬಿಲ್ಲು, ಕತ್ತಿ, ಕಾಲಡಿ ಬಿದ್ದವರು, ಎಲ್ಲ ಒಂದರ ಮೇಲೊಂದು ಏರಿಕೊಂಡಿದ್ದಾವೆ. ಸಂಜೆ ಆರೂವರೆಗೆ ಬನ್ನೇರುಘಟ್ಟ ರಸ್ತೆಯನ್ನು ಕಂಡವರಿಗೆ ವಿವರಣೆಯ ಅಗತ್ಯ ಬೀಳುವುದಿಲ್ಲ. ಅದೇ ಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲೂ ಇದೆ. ಅದರಲ್ಲಿ ಕಾಳಿ ಎಂಬ ನಾಯಿ ಹಂದಿಯೊಂದರ ಜೊತೆ ಕಾದಾಡುತ್ತದೆ, ಎರಡೂ ಸಾಯುತ್ತವೆ. ನಾಯಿಯ ಹೆಸರು ಗೊತ್ತು, ಯಜಮಾನ ಮಣಲೆರ ಎಂದು ಗೊತ್ತು, ನಾಯಿಯನ್ನು ಕೊಟ್ಟವನು ಗಂಗರ ಬೂತುಗ ಎಂದು ಗೊತ್ತು, ಆ ಕಲ್ಲಿನಲ್ಲೇ ಹೇಳಿರುವ ತಕ್ಕೋಲದ ಯುದ್ಧ 949ರದ್ದು ಎಂದೂ ಗೊತ್ತು. ಒಂದು ನಾಯಿಯ ಜಗಳಕ್ಕೆ ಇಷ್ಟು ವಿವರ ಉಳಿದಿರುವಾಗ, ಕೋಟಿ ದಾಟಿದ ಜನಸಂಖ್ಯೆಯ ನಗರದ ಮೊದಲ ಕಾಳಗಕ್ಕೆ ಒಂದು ವಿಳಾಸ ಕೂಡ ಇಲ್ಲ ಎಂದರೆ ನಾವು ತಲೆ ತಗ್ಗಿಸಬೇಕು. ನಾನು ತಗ್ಗಿಸಿದೆ. ತಗ್ಗಿಸಿದಾಗಲೇ ಫುಟ್‌ಪಾತಿನ ಗುಂಡಿ ಕಂಡದ್ದು. ಅದರ ಮಾತು ಆಮೇಲೆ.

1791ರ ಯುದ್ಧವನ್ನು ನಾನು ಮರೆತಿಲ್ಲ. ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಪಡೆ ಗೋಡೆ ಒಡೆದು ನುಗ್ಗಿ, ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡಿ ಸತ್ತ ಆ ಕೋಟೆಯ ಚೂರೊಂದು ಮಾರ್ಕೆಟ್ಟಿನ ಬಳಿ ಇನ್ನೂ ನಿಂತಿದೆ. ಗೋಡೆಯಲ್ಲಿ ಫಲಕವಿದೆ, ಆದ್ದರಿಂದ ಅದನ್ನು ಯಾರೂ ಓದುವುದಿಲ್ಲ. ಅಲ್ಲಿ ಸತ್ತ ಬ್ರಿಟಿಷರಿಗೆ ಹಡ್ಸನ್ ಸರ್ಕಲ್ಲಿನ ಹತ್ತಿರ ಒಂದು ಸ್ತಂಭವಿತ್ತು, 1964ರಲ್ಲಿ ಕೆಡವಿದರು. ಹೀಗೆ ಜಾಗ, ತಾರೀಖು, ಸೋಲು ಗೆಲುವು ಎಲ್ಲ ಗೊತ್ತಿರುವ ಯುದ್ಧದಲ್ಲಿ ತಜ್ಞನಿಗೆ ಮಾಡಲು ಏನೂ ಉಳಿಯುವುದಿಲ್ಲ.

ಬೆಂಗಳೂರ ಕಾಳಗದ ಸೊಗಸೇ ಬೇರೆ. ಅಲ್ಲಿ ಎಲ್ಲವೂ ತಜ್ಞನಿಗೇ ಬಿಟ್ಟದ್ದು. ಕಲ್ಲು ಬೇಗೂರಿನಲ್ಲಿದೆ, ಹಾಗಾಗಿ ಕಾಳಗವೂ ಬೇಗೂರಿನಲ್ಲೇ ಆಗಿರಬೇಕು ಎಂದು ಕೆಲವರು ಹೇಳುವುದುಂಟು. ವೀರಗಲ್ಲನ್ನು ವೀರ ಸತ್ತ ಜಾಗದಲ್ಲೇ ನೆಡಬೇಕೆಂದಿಲ್ಲ, ಅವನ ಸ್ವಂತ ಊರಿನಲ್ಲೂ ನೆಡುತ್ತಾರೆ ಎಂಬ ಸಾಮಾನ್ಯ ಸಂಗತಿ ಅವರಿಗೆ ಗೊತ್ತಿಲ್ಲ. ಉತ್ತರದ ಕಡೆಯವರು ಕೊಡಿಗೇಹಳ್ಳಿ ಹತ್ತಿರದ ಹಳೇಬೆಂಗಳೂರೇ ಮೂಲ ಬೆಂಗಳೂರು, ಕಾಳಗವೂ ತಮ್ಮದೇ ಎನ್ನುತ್ತಾರೆ. ವಿಮಾನ ನಿಲ್ದಾಣ ತಗೊಂಡರು, ಸುಮ್ಮನಿದ್ದೆವು. ಈಗ ಕಾಳಗಕ್ಕೂ ಕೈ ಹಾಕಿದ್ದಾರೆ.

ಇದಕ್ಕೆ ಉತ್ತರ ಮಡಿವಾಳದಲ್ಲಿದೆ. ಅಲ್ಲಿನ ಸೋಮೇಶ್ವರ ದೇವಸ್ಥಾನದ ಗೋಡೆಯ ಮೇಲೆ 1247ರ ತಮಿಳು ಶಾಸನವೊಂದಿದೆ. ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನು ದಾನ ಕೊಟ್ಟದ್ದನ್ನು ಅದು ಹೇಳುತ್ತದೆ. ಮಡಿವಾಳದ ದೇವರಿಗೆ ಜಮೀನು ಕೊಡುವವನು ಹೆಬ್ಬಾಳದಲ್ಲಿ ಕೊಡುತ್ತಾನೆಯೇ? ಪೂಜೆ ಮಾಡುವವರು ಬೆಳೆ ನೋಡಲು ಔಟರ್ ರಿಂಗ್ ರೋಡಿನಲ್ಲಿ ಹೋಗಿಬರಬೇಕೇ? ಇಷ್ಟು ಸಾಕು. ಬೆಂಗಳೂರು ಎಂಬ ಊರು ಬಿಟಿಎಂ ಲೇಔಟಿನ ಮಗ್ಗುಲಲ್ಲೇ ಎಲ್ಲೋ ಇತ್ತು ಎಂದು ನಾನು ಸಾಬೀತುಪಡಿಸಿದ್ದೇನೆ. ಒಪ್ಪದವರು ಉತ್ತರದ ಕಡೆಯವರು.

ಸಿಲ್ಕ್ ಬೋರ್ಡ್ ಜಂಕ್ಷನ್ನೇ ರಣಭೂಮಿ ಎಂಬ ಜನಪ್ರಿಯ ವಾದವನ್ನು ತಜ್ಞನಾಗಿ ನಾನು ತಳ್ಳಿಹಾಕುತ್ತೇನೆ. ಕಾಳಗವೆಂದರೆ ಎರಡು ಸೈನ್ಯಗಳು ಚಲಿಸಬೇಕಾಗುತ್ತದೆ. ಬೊಮ್ಮನಹಳ್ಳಿಯಿಂದ ಬಿಟಿಎಂಗೆ 2025ರ ಆಗಸ್ಟಿನಿಂದ ಹಳದಿ ಮೆಟ್ರೊ ಇದೆ, ನಡುವೆ ಸಿಲ್ಕ್ ಬೋರ್ಡ್ ಒಂದೇ ನಿಲ್ದಾಣ, ನಿಜ. ಗಂಗರಿಗೆ ಆ ಅನುಕೂಲ ಇರಲಿಲ್ಲ. ಜಯನಗರದ ಹೆಸರಿನಲ್ಲೇ ಜಯವಿದೆ ಎಂಬ ವಾದವನ್ನೂ ನಾನು ಮುಟ್ಟುವುದಿಲ್ಲ. ಅದು ಜಯಚಾಮರಾಜ ಒಡೆಯರ ಹೆಸರು, ಬಡಾವಣೆ ಹುಟ್ಟಿದ್ದು 1948ರಲ್ಲಿ. ವಿದ್ವತ್ತಿಗೆ ಒಂದು ಶಿಸ್ತು ಇರಬೇಕು.

ನನ್ನ ಸಿದ್ಧಾಂತ ನಿಂತಿರುವುದು ವಾಟರ್ಲೂ ಮೇಲೆ. 1815ರ ಜೂನ್ 18ರ ಆ ಯುದ್ಧ ವಾಟರ್ಲೂ ಊರಿನಲ್ಲಿ ನಡೆಯಲೇ ಇಲ್ಲ, ಅದರ ದಕ್ಷಿಣದ ಹೊಲಗಳಲ್ಲಿ ನಡೆಯಿತು. ಆದರೆ ವೆಲಿಂಗ್ಟನ್, ನಮಗೆ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಪರಿಚಯವಾಗಿದ್ದ ಅದೇ ವೆಲ್ಲೆಸ್ಲಿ, ತಂಗಿದ್ದು ವಾಟರ್ಲೂನಲ್ಲಿ, ವರದಿ ಕಳಿಸಿದ್ದೂ ಆ ವಿಳಾಸದಿಂದ. ಹೆಸರು ಅಂಟಿಕೊಂಡಿತು. ಈಗ ಅಲ್ಲಿ ಕೃತಕ ಗುಡ್ಡ, ಮೇಲೊಂದು ಸಿಂಹ, ಹತ್ತಲು 226 ಮೆಟ್ಟಿಲು, ಟಿಕೆಟ್ಟು ಎಲ್ಲ ಇದೆ. ಇದರಿಂದ ತಿಳಿಯುವುದು: ಯುದ್ಧ ಎಲ್ಲಿ ನಡೆಯಿತು ಎನ್ನುವುದು ಗೌಣ, ಯಾವ ಪಿನ್‌ಕೋಡ್ ಹಾಕುತ್ತೀರಿ ಎನ್ನುವುದು ಮುಖ್ಯ. ಈ ವಿದ್ಯೆಯಲ್ಲಿ ದಕ್ಷಿಣ ಬೆಂಗಳೂರನ್ನು ಮೀರಿಸುವವರಿಲ್ಲ. ಗೊಟ್ಟಿಗೆರೆಯವನೂ ಜೆಪಿ ನಗರ ಎನ್ನುತ್ತಾನೆ. ಕನಕಪುರ ರಸ್ತೆಯಲ್ಲಿ ನವಿಲು ಕೂಗುವ ಕಡೆ ಸೈಟು ಕೊಂಡವನೂ ಬನಶಂಕರಿ ಪಕ್ಕ ಎನ್ನುತ್ತಾನೆ. ಬೇಗೂರಿನ ಆಚೆ ಏಳುವ ಗೋಪುರಗಳೆಲ್ಲ ಕರಪತ್ರದಲ್ಲಿ ಹತ್ತೇ ನಿಮಿಷಕ್ಕೆ ಜಯನಗರ ತಲುಪುತ್ತವೆ. ಬದುಕಿರುವವರಿಗೆಲ್ಲ ಸಿಗುವ ಈ ಸೌಲಭ್ಯವನ್ನು ಬುಟ್ಟಣಸೆಟ್ಟಿಗೆ ಯಾಕೆ ನಿರಾಕರಿಸಬೇಕು? ಕಾಳಗ ಜೆಪಿ ನಗರದಲ್ಲಿ ನಡೆಯಿತು, 560078.

ಇನ್ನು ಭೌತಿಕ ಸಾಕ್ಷ್ಯ. ನಮ್ಮ ಕ್ರಾಸಿನಲ್ಲಿ ನಡೆಯುತ್ತಿರುವಷ್ಟು ಉತ್ಖನನ ಹಂಪಿಯಲ್ಲೂ ನಡೆದಿರಲಾರದು. ಕೊಳವೆಯವರು ಅಗೆದು ಮುಚ್ಚಿದ ಮೇಲೆ ಕೇಬಲ್ಲಿನವರು ಅಗೆಯುತ್ತಾರೆ. ಟಾರು ಹಾಕಿದ ಮರುವಾರ ಕೊಳವೆಯವರಿಗೆ ತಾವು ಏನನ್ನೋ ಬಿಟ್ಟುಬಂದದ್ದು ನೆನಪಾಗುತ್ತದೆ. ಗುಂಡಿಯಲ್ಲಿಳಿದು ನಾನು ಪದರಗಳನ್ನು ಗುರುತು ಹಾಕಿಕೊಂಡಿದ್ದೇನೆ. ಮೇಲೆ ಟಾರು, ಕೆಳಗೆ ಅದಕ್ಕಿಂತ ಒಳ್ಳೆಯ ಹಳೆಯ ಟಾರು, ಅದರ ಕೆಳಗೆ ಜಲ್ಲಿ, ಗುಟ್ಕಾ ಚೀಟಿಗಳ ಒಂದು ತೆಳುವಾದ ಪದರ, ಆಮೇಲೆ ಕೆಮ್ಮಣ್ಣು, ಅದರೊಳಗೆ ಯಾವ ಇಲಾಖೆಯೂ ತನ್ನದೆಂದು ಒಪ್ಪಿಕೊಳ್ಳದ ಒಂದು ಪೈಪು. ಅಗೆಯುವ ಹುಡುಗನನ್ನು 'ಏನಾದ್ರೂ ಸಿಕ್ತೇನಪ್ಪಾ, ಕತ್ತಿ, ಬಾಣದ ತುದಿ?' ಎಂದೆ. 'ಕೇಬಲ್ ಸಿಕ್ತು ಸಾರ್, ಕಟ್ಟಾಯ್ತು' ಎಂದ. ಅವತ್ತು ಬೀದಿಗೆ ಇಂಟರ್ನೆಟ್ ಇರಲಿಲ್ಲ. ಇನ್ನೊಂದಡಿ ಇಳಿದಿದ್ದರೆ ಗಂಗರು ಸಿಗುತ್ತಿದ್ದರು ಎಂದು ನನಗೆ ಖಾತ್ರಿಯಿದೆ. ಆದರೆ ಗಂಗರ ಪದರ ತಲುಪುವ ಮೊದಲೇ ಬಿಲ್ಲು ಪಾಸಾಗಿಬಿಡುತ್ತದೆ. ಅತ್ತ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನು ಒಂದೊಂದಾಗಿ ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದ್ದಾರಂತೆ. ಪಾಪ, ಅವರಿಗೆ ಗುಂಡಿಯ ಪ್ರಾಮುಖ್ಯ ಯಾರೂ ಹೇಳಿದಂತಿಲ್ಲ.

ಕಾಳಗದ ಕಾರಣವನ್ನೂ ಕಂಡುಹಿಡಿದಿದ್ದೇನೆ. ವೀರಗಲ್ಲುಗಳು ಸಾಮಾನ್ಯವಾಗಿ ಹೇಳುವ ಕಾರಣಗಳು ಕೆಲವೇ: ಊರಳಿವು, ಪೆಣ್ಬುಯ್ಯಲ್, ಗಡಿ ಜಗಳ, ಎಲ್ಲಕ್ಕಿಂತ ಹೆಚ್ಚಾಗಿ ತುರುಗೋಳ್. ತುರುಗೋಳ್ ಎಂದರೆ ನೀವು ಮನೆಯಲ್ಲಿಲ್ಲದಾಗ ಬಂದು ನಿಮ್ಮ ದನ ಹೊಡೆದುಕೊಂಡು ಹೋಗುವುದು. ನೀವು ಹಿಂದೆ ಓಡಿ ಬಿಡಿಸಿಕೊಂಡು ಬರಬೇಕು, ಇಲ್ಲವೇ ಅಲ್ಲೇ ಸತ್ತು ಕಲ್ಲಾಗಬೇಕು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕುಡಿದು ಹೊರಬಂದಾಗ ಸ್ಕೂಟರು ನಿಲ್ಲಿಸಿದ್ದ ಜಾಗ ಖಾಲಿಯಿದ್ದು, ದೂರದಲ್ಲಿ ಟೋಯಿಂಗ್ ಗಾಡಿಯ ಹಿಂದೆ ಓಡಿದ ಅನುಭವ ಉಳ್ಳವರಿಗೆ ಗಂಗರ ಕಾಲದ ಸಮಾಜ ಕೂಡಲೇ ಅರ್ಥವಾಗುತ್ತದೆ. ಬುಟ್ಟಣಸೆಟ್ಟಿಯೂ ಓಡಿದ. ದಂಡ ಕಟ್ಟುವ ವ್ಯವಸ್ಥೆ ಆಗ ಇರಲಿಲ್ಲ.

ಇಷ್ಟೆಲ್ಲ ಸಂಶೋಧನೆಯನ್ನು ನಮ್ಮ ನಿವಾಸಿಗಳ ಸಂಘದ ಮುಂದೆ ಮಂಡಿಸಿ, ಕ್ರಾಸಿನ ತುದಿಯಲ್ಲಿ 'ಬೆಂಗಳೂರ ಕಾಳಗ ನಡೆದ ಪವಿತ್ರ ಸ್ಥಳ' ಎಂಬ ಬೋರ್ಡು ಹಾಕಬೇಕೆಂದು ಕೇಳಿದೆ. ಅಧ್ಯಕ್ಷರ ಮೊದಲ ಪ್ರಶ್ನೆ, ಇದರಿಂದ ಸೈಟಿನ ರೇಟು ಏರುತ್ತದೋ ಇಳಿಯುತ್ತದೋ. ಪಾಣಿಪತ್ತಿನ ಉದಾಹರಣೆ ಕೊಟ್ಟೆ. ಅಲ್ಲಿ ಚದರಡಿಗೆ ಎಷ್ಟು ಎಂದರು. ಖಜಾಂಚಿಯವರು ಸತ್ತವರ ವಿಷಯವೆಂದರೆ ವಾಸ್ತು ದೋಷ ಬರುತ್ತದೆ, ಈಶಾನ್ಯ ಬಿಟ್ಟು ಬೇರೆ ಎಲ್ಲಾದರೂ ಸಾಯಲಿ ಎಂದರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ಯುವಕನೊಬ್ಬ ಸೆಲ್ಫಿ ಪಾಯಿಂಟ್ ಇದ್ದರೆ ತನ್ನ ಬೆಂಬಲ ಎಂದ. ಆಹ್ವಾನಿತರಾಗಿ ಬಂದಿದ್ದ ಜಯನಗರದವರು ಕಾಳಗ ನಡೆದದ್ದು ತಮ್ಮ ನಾಲ್ಕನೇ ಬ್ಲಾಕಿನಲ್ಲಿ ಎಂದು ತಕರಾರು ತೆಗೆದರು. ಅದು ನಾಲ್ಕನೇ ಬ್ಲಾಕಲ್ಲ, ನಾಲ್ಕನೇ 'ಟಿ' ಬ್ಲಾಕು ಎಂದು ಅವರ ಜೊತೆ ಬಂದವರೇ ಎದ್ದು ನಿಂತರು. ಬನಶಂಕರಿಯವರು, ನಮಗೆ ಎರಡನೇ ಸ್ಟೇಜಾದರೂ ಕೊಡಿ ಎಂದರು. ಬಿಟಿಎಂನವರಲ್ಲಿ ಯಾರೂ ಮಾತನಾಡಲಿಲ್ಲ. ಅವರೆಲ್ಲ ಬಾಡಿಗೆಯವರು, ಮತ ಹಾಕುವ ಹಕ್ಕಿಲ್ಲ.

ಬೇಗೂರಿನಿಂದ ಒಬ್ಬರನ್ನು ಕರೆಸಬೇಕಿತ್ತೇನೋ ಎಂದು ಯಾರೋ ಹಿಂದಿನ ಸಾಲಿನಿಂದ ಅಂದರು. ಅಷ್ಟು ದೂರದವರು ಯಾಕೆ ಎಂದು ಸಭೆ ಒಕ್ಕೊರಲಿನಿಂದ ಹೇಳಿತು. ಆ ಸಂಜೆ ಸರ್ವಾನುಮತದಿಂದ ಆದ ತೀರ್ಮಾನ ಇದೊಂದೇ.

ಮುಂದಿನ ಸಭೆ ಭಾನುವಾರ ಸಂಜೆ ಐದಕ್ಕೆ, ನಮ್ಮ ಮನೆಯ ಟೆರೇಸಿನಲ್ಲಿ. ವಿಷಯ: ಕಾಳಗದ ಗಡಿ ಗುರುತಿಸುವುದು ಮತ್ತು ವಾರ್ಷಿಕ ಚಂದಾ. ಬರುವವರು ದಯವಿಟ್ಟು ಎದುರು ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಬೇಡಿ. ಆ ಮನೆಯವರಿಗೆ ಇತಿಹಾಸದಲ್ಲಿ ಆಸಕ್ತಿಯಿಲ್ಲ, ದೊಣ್ಣೆ ಇದೆ.