ಜೇನುಮಾವನ ಜಾಡಿಗಳು

ಲಂಡನ್ನಿನ ನಮ್ಮ ಕನ್ನಡ ಬಳಗದಲ್ಲಿ ಅವರಿಗೆ ಜೇನುಮಾವ ಎಂದೇ ಹೆಸರು. ವೈನ್ ಮುಟ್ಟದ, ಆದರೆ ವೈನಿನ ಬಗ್ಗೆ ಗಂಟೆಗಟ್ಟಲೆ ಕೊರೆಯುವವರನ್ನು ಕಂಡು ಕರುಬುವ ಸಸ್ಯಾಹಾರಿ ಗಂಡಸಿಗೆ ನಿವೃತ್ತಿಯ ಮೇಲೆ ಉಳಿಯುವ ದಾರಿ ಜೇನೊಂದೇ. ಅಂಗಡಿಯ ಜೇನಿಗೆ ಅವರಿಟ್ಟ ಹೆಸರು ‘ಪಾಕ’. ಅಸಲಿ ಜೇನಿಗೆ ಒಂದು ಗುಡ್ಡ, ಒಂದು ಹೂವು, ಒಂದು ಋತು, ಜೊತೆಗೊಬ್ಬ ಸಿಡುಕು ಮುದುಕ ಇರಲೇಬೇಕು.

ಆ ಮುದುಕನನ್ನು ಹುಡುಕುವುದೇ ಮಾವನ ರಜೆ. ಅತ್ತೆ ರೋಮ್ ನೋಡೋಣ ಅಂದರೆ ಇವರು ಸಾರ್ಡೀನಿಯಾದ ಕುರುಚಲು ಬೆಟ್ಟಕ್ಕೆ ಟಿಕೆಟ್ ತೆಗೆಸಿರುತ್ತಾರೆ. ಸ್ಲೊವೇನಿಯಾಕ್ಕೆ ಹೋದರೆ ಸರೋವರಕ್ಕೆ ಬೆನ್ನು, ಜೇನುಪೆಟ್ಟಿಗೆಯ ಮುಂಬದಿಗೆ ಬರೆದ ಚಿತ್ರಕ್ಕೆ ಮುಖ. ಅಲ್ಲಿನ ಜೇನುಗುರು ಆಂಟನ್ ಯಾನ್ಶಾನ ನೆನಪಿಗೆ ಮೇ 20 ವಿಶ್ವ ಜೇನುನೊಣ ದಿನವಾಗಿರುವುದು ಮಾವನಿಗೆ ಬಾಯಿಪಾಠ. ಮದುವೆಯ ದಿನವನ್ನು ಮಾತ್ರ ಅತ್ತೆಯೇ ನೆನಪಿಸಬೇಕು.

ಜೇನು ಸಾಕುವವ ಸಿಕ್ಕ ಕೂಡಲೇ, ಗಂಡಿನ ಕಡೆಯವರು ಕುಲಗೋತ್ರ ಕೇಳುವಂತೆ ವಿಚಾರಣೆ ಶುರು. ಪೆಟ್ಟಿಗೆ ಎಷ್ಟು? ನೊಣಕ್ಕೆ ಸಕ್ಕರೆನೀರು ಉಣಿಸುತ್ತೀರಾ? ಜೇನು ಕಾಯಿಸುತ್ತೀರಾ? ಸೋಸುವುದು ಯಾವುದರಲ್ಲಿ? ಪೆಟ್ಟಿಗೆ 300 ಅಂದರೆ ಮಾವ ಎದ್ದರು. 40 ಅಂದರೆ ಕೂತರು. 12, ಅದಕ್ಕೂ ಲೇಬಲ್ ಇಲ್ಲ ಅಂದರೆ ಪರ್ಸು ಹೊರಬಂತು. ‘ಈ ಸಲ ಮನೆಗೇ ಸಾಲದು, ಮಾರುವುದಿಲ್ಲ’ ಅಂದನೋ, ಮುಗಿಯಿತು, ಜಗತ್ತಿನ ಶ್ರೇಷ್ಠ ಜೇನು ಅದೇ! ಮರುವರ್ಷವೂ ಅಲ್ಲಿಗೇ ಪ್ರಯಾಣ.

ಹೀಗೆ ಬಂದ ಜಾಡಿಗಳಿಗೆ ಮನೆಯಲ್ಲಿ ಪ್ರತ್ಯೇಕ ಕಪಾಟಿದೆ. ಅತಿಥಿಗಳು ನೋಡಬಹುದು, ಮೂಸಬಹುದು, ಪುಣ್ಯವಿದ್ದರೆ ಅರ್ಧ ಚಮಚ ನೆಕ್ಕಬಹುದು. ಬಿಸಿ ಟೀಗೆ ಬೆರೆಸಲು ಹೊರಟವರ ಮಣಿಕಟ್ಟನ್ನೇ ಹಿಡಿದುಬಿಡುತ್ತಾರೆ. ‘ತಳದಲ್ಲಿ ಸಕ್ಕರೆ ಕೂತಿದೆಯಲ್ಲ, ಕಲಬೆರಕೆಯಾ?’ ಎಂದು ಯಾರಾದರೂ ಕೇಳಿದರೆ ಅವತ್ತು ಊಟ ತಡ. ಗ್ಲೂಕೋಸ್ ಹರಳುಗಟ್ಟುವ ಬಗೆಯನ್ನು ಪೂರ್ತಿ ಕೇಳಿದ ಮೇಲೆಯೇ ಎಲೆ ಹಾಕುವುದು.

ಹೋದ ಶ್ರಾವಣದಲ್ಲಿ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪಂಚಾಮೃತಕ್ಕೆ ಜೇನುತುಪ್ಪ ಕೊಡಿ ಎಂದರು ಪುರೋಹಿತರು. ಮಾವ ಕಪಾಟು ತೆರೆದು ಯೋಚನೆಗೆ ಬಿದ್ದರು.

‘ಇದು ಸಾರ್ಡೀನಿಯಾದ ಕೊರ್ಬೆತ್ಸೊಲೊ. ಚಳಿ ಶುರುವಾಗುವಾಗ ಅರಳುವ ಹೂವಿನದು. ಆದರೆ ಕಹಿ.’

‘ದೇವರಿಗೆ ಕಹಿ ಬೇಡ,’ ಅಂದರು ಅತ್ತೆ.

‘ಸ್ಕಾಟ್ಲೆಂಡಿನ ಹೆದರ್ ಇದೆ. ಗಟ್ಟಿ ಲೋಳೆ, ಕಲಕದೆ ಹರಿಯಲ್ಲ. ತಟ್ಟನ್ನು ಹಿಂಡಿಯೇ ತೆಗೆಯಬೇಕು.’

‘ಅಭಿಷೇಕಕ್ಕೆ ಧಾರೆ ಬೇಕು ರಾಯರೇ,’ ಅಂದರು ಪುರೋಹಿತರು.

‘ಗ್ರೀಸಿನ ಪೈನ್ ಜೇನು ಚೆನ್ನಾಗಿ ಹರಿಯುತ್ತೆ. ಹೂವಿನದ್ದಲ್ಲ, ಅಷ್ಟೆ. ಮರದ ರಸ ಹೀರುವ ಒಂದು ಹುಳ ವಿಸರ್ಜಿಸುವ ಸಿಹಿಯನ್ನು ನೊಣ ಎತ್ತಿಕೊಂಡು...’

ಪುರೋಹಿತರು ಕೈಲಿದ್ದ ಬಟ್ಟಲನ್ನು ಹಿಂದಕ್ಕೆಳೆದುಕೊಂಡರು.

ಉಳಿದದ್ದು ಟರ್ಕಿಯ ಕಪ್ಪುಸಮುದ್ರ ತೀರದ ‘ದೆಲಿ ಬಾಲ್’. ಅಲ್ಲಿನ ರೊಡೊಡೆಂಡ್ರಾನ್ ಹೂವಿನ ಮಕರಂದದಲ್ಲೇ ವಿಷವಿದೆ. ಕ್ರಿ.ಪೂ. 400ರ ಸುಮಾರಿಗೆ ಆ ತೀರದಲ್ಲಿ ಜೇನು ತಿಂದ ಗ್ರೀಕ್ ಸೈನಿಕರು ವಾಂತಿ ಮಾಡಿಕೊಂಡು, ನಿಲ್ಲಲಾರದೆ ಸಾಲಾಗಿ ಉರುಳಿದ್ದನ್ನು ಅವರ ಜೊತೆಗಿದ್ದ ಕ್ಸೆನೊಫೋನ್ ಬರೆದಿಟ್ಟಿದ್ದಾನೆ ಎಂದು ಮಾವ ಹೆಮ್ಮೆಯಿಂದ ಶುರುಮಾಡಿದರು. ಕಥೆ ಕೇಳಲು ಬಂದಿದ್ದ ಹೆಂಗಸರು ತೀರ್ಥ ಬೇಡವೆಂದು ಆಗಲೇ ತೀರ್ಮಾನಿಸಿಯಾಗಿತ್ತು.

ಅತ್ತೆ ಮಾತಾಡದೆ ಚಪ್ಪಲಿ ಮೆಟ್ಟಿ, ಮೂಲೆಯಂಗಡಿಯಿಂದ ಅದುಮಿದರೆ ಸುರಿಯುವ ಪ್ಲಾಸ್ಟಿಕ್ ಬಾಟಲಿ ತಂದರು. ಜೇನು ಸರಾಗವಾಗಿ ಇಳಿಯಿತು, ಅಭಿಷೇಕವಾಯಿತು, ಮಂಗಳಾರತಿಯೂ ಆಯಿತು.

ತೀರ್ಥ ಬಾಯಿಗೆ ಬಿದ್ದದ್ದೇ ಮಾವ ಕಣ್ಣುಮುಚ್ಚಿ, ನಾಲಿಗೆಯ ಮೇಲೆ ಹೊರಳಾಡಿಸಿ, ಹುಬ್ಬು ಗಂಟಿಕ್ಕಿದರು. ‘ಇದನ್ನು ಕಾಯಿಸಿದ್ದಾರೆ.’

‘ಮೈಮೇಲೆ ಸುರಿಸಿಕೊಂಡವನೇ ಸುಮ್ಮನಿದ್ದಾನೆ,’ ಅಂದರು ಅತ್ತೆ. ‘ನೀವೂ ನುಂಗಿ.’